ದೂರು ಬರೆಸುವ ಮಾವ

ನನ್ನ ಸೋದರಮಾವನಷ್ಟು ನ್ಯಾಯ ತಿಳಿಯದ ಮೇಷ್ಟ್ರು ಇಡೀ ರಾಜ್ಯದಲ್ಲೇ ಇರಲಿಲ್ಲ! ಕೊಡಗೇ ಒಂದು ರಾಜ್ಯವಾಗಿದ್ದ ಕಾಲವದು. ಹಾಗಾಗಿ ಇದೇನೂ ಅಂಥ ದೊಡ್ಡ ಬಿರುದಲ್ಲ.

ಸೋಮವಾರಪೇಟೆಯ ಅವರ ಶಾಲೆಯಲ್ಲಿ ಒಂದು ಕಾನೂನಿತ್ತು. ದೂರು ಕೊಡುವವನು, ಯಾರ ಮೇಲೆ ದೂರೋ ಅವನೇ ತಾನೆಂದುಕೊಂಡು ಅದನ್ನು ಬರೆಯಬೇಕು. ಬೋಪಯ್ಯ ನನಗೆ ಗುದ್ದಿದ. "ಬೋಪಯ್ಯನಾದ ನಾನು" ಎಂದು ಶುರುಮಾಡಿ, ಏಕೆ ಗುದ್ದಿದೆನೆಂದು ನಾನೇ ಒಂದು ಪುಟ ಬರೆಯಬೇಕಾಯಿತು! ಬರೆಯುತ್ತಾ ಬರೆಯುತ್ತಾ, ಅವನ ಬುತ್ತಿಯಲ್ಲಿದ್ದ ಅಕ್ಕಿಯುಂಡೆ ಕಡಂಬುಟ್ಟನ್ನು ನಾನು ತಿಂದದ್ದೂ ಹೊರಬಿತ್ತು. ಮಾವ ಓದಿ, "ಬೋಪಯ್ಯ ಬಲು ಸಾಧು ಕಣೋ, ಒಂದೇ ಗುದ್ದಿಗೆ ಬಿಟ್ಟವ್ನೆ!" ಎಂದರು. ಇಂಥ ನ್ಯಾಯ ಎಲ್ಲಾದರೂ ಉಂಟೆ?

ಮಾವನ ಮನೆಯಲ್ಲೂ ಇದೇ ಕಾಟ. ಅತ್ತೆ ಕೋಪಿಸಿಕೊಂಡರೆ, "ಇರು, ನಿನ್ನ ಪರವಾಗಿ ನಾನೇ ನನ್ನ ಬೈಕೊಳ್ತೀನಿ" ಎಂದು ನಿಂತುಬಿಡುವರು.

"ಬೈಯೋದೇನೂ ಬ್ಯಾಡ. ನನ್ನ ಪರವಾಗಿ ಆ ಪಾತ್ರೆ ತೊಳೀರಿ, ಸಾಕು!"

ತೊಳೆದರು! ಕೊನೆಯ ತಟ್ಟೆಯ ಹೊತ್ತಿಗೆ, ಅತ್ತೆಯದೇ ದನಿಯಲ್ಲಿ, "ಅಯ್ಯೋ, ನನ್ನ ಗಂಡ ಎಂಥ ಸೋಮಾರಿ ಕಣ್ರಮ್ಮ!" ಎಂದು ನಿಟ್ಟುಸಿರಿಟ್ಟರು.

ಇದು ನಾನು ಕಂಡದ್ದೋ, ಅತ್ತೆ ಹೇಳಿ ಹೇಳಿ ಕಂಡಂತಾದದ್ದೋ, ಆಣೆ ಮಾಡಲಾರೆ. ಎಲ್ಲದಕ್ಕೂ ಸಾಕ್ಷಿ ಕೇಳುವುದನ್ನು ಯೂನಿವರ್ಸಿಟಿಯಲ್ಲಿ ಕಲಿತು ಬಂದವನು ನಾನು. ನನ್ನ ನೆನಪನ್ನೇ ಈಗ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದೇನೆ.

ಇನ್‌ಸ್ಪೆಕ್ಟರು ಬರುವ ದಿನ ಹಾಜರಿ ಪುಸ್ತಕದ ಮೇಲೆ ಮಸಿ ಚೆಲ್ಲಿತ್ತು. ಮೇಜಿನ ಬಳಿ ಇದ್ದವನು ನಾನು. ಎಂದೂ ಕೈಯೆತ್ತದ ಮಾವ ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿದರು. "ನಾನಲ್ಲ!" ಎಂದು ಕೂಗಿ ಮನೆಗೆ ಓಡಿದೆ. ಇನ್ನು ಶಾಲೆಗೆ ಹೋಗುವುದಿಲ್ಲ, ಮಾವನ ಜೊತೆ ಮಾತೂ ಆಡುವುದಿಲ್ಲ ಎಂದು ಅವ್ವನಿಗೆ ಹೇಳಿಬಿಟ್ಟೆ.

ಸಂಜೆ ಮಾವ ಬಂದರು. ಜಗಲಿಯಲ್ಲಿ ನನ್ನೆದುರು ಕುಳಿತು ಜೇಬಿನಿಂದ ಒಂದು ಕಾಗದ ತೆಗೆದರು. ನಾನಾಗಿ ಅವರು ಬರೆದದ್ದು. ಓದಿದರು: "ಮಸಿ ಚೆಲ್ಲಿದ್ದು ನಾನಲ್ಲ. ಏಟು ಅಷ್ಟೇನೂ ನೋಯಲಿಲ್ಲ. ಮಾವ ನನ್ನನ್ನು ಒಂದು ಮಾತೂ ಕೇಳಲಿಲ್ಲ, ಅದು ನೋಯಿತು."

ಕಾಗದವನ್ನು ನನ್ನ ಮುಂದಿಟ್ಟರು. "ಸರಿಯಾಗಿ ಬರ್ದಿದೀನಾ ಮಗ? ತಪ್ಪಿದ್ರೆ ನೀನೇ ತಿದ್ದು" ಎಂದು ಪೆನ್ಸಿಲನ್ನು ನನ್ನ ಕೈಗಿಟ್ಟರು.

ತಿದ್ದಬೇಕಾಗಿದ್ದದ್ದು ಮೊದಲ ಸಾಲು. ಮಸಿ ಚೆಲ್ಲಿದವನು ನಾನೇ.

ತಿದ್ದಿದೆ ಎನ್ನುತ್ತದೆ ನನ್ನ ನೆನಪು. ನೆನಪು ಯಾವಾಗಲೂ ನನ್ನ ಕಡೆಯದೇ, ನಂಬಲಾರೆ. ಆದರೆ ಮಾವ ನನ್ನ ಕೆನ್ನೆ ಸವರಿದ್ದು ನಿಜ. ಪುಸ್ತಕ ಒರೆಸಿ ಒರೆಸಿ ಅವರ ಬೆರಳೆಲ್ಲ ಮಸಿಯಾಗಿತ್ತು. ಅದು ಕೆನ್ನೆಗೂ ಹತ್ತಿತು. ಅವ್ವ ತೊಳೆಯಲು ಕರೆದಳು. ನಾನು ಹೋಗಲಿಲ್ಲ.