ಮೂರು ವಾಂತಿಯ ಕಡಲು

ಬಾಲಚಂದ್ರ ಹೇರ್ಳೆ ಮಾಸ್ತರರು ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಕತೆಯೇ ಇಲ್ಲ. ಆದರೆ ಒಂದು ವರ್ಷ ಕೊಲಂಬಿನಲ್ಲಿ ಪಾಠ ಹೇಳಿ, ಊರಿಗೆ ಬಂದು ಮೂರೇ ದಿನವಾದ ಮನುಷ್ಯ, ಎದುರಿಗೆ ಹದಿನೈದು ಜನ ಕಿವಿಯರಳಿಸಿ ಕೂತಿರುವಾಗ ಬಾಯಿ ಮುಚ್ಚಿಕೊಂಡಿರುವುದಾದರೂ ಹೇಗೆ? ನೀವಾದರೆ ಇರುತ್ತಿದ್ದಿರಾ? ನಾನಂತೂ ಇರುತ್ತಿರಲಿಲ್ಲ.

ಅದು ತೆಕ್ಕಟ್ಟೆಯಲ್ಲಿ ಶಾಲೆಯ ಮ್ಯಾನೇಜರು ವಿಷ್ಣುಮೂರ್ತಿ ಉರಾಳರ ಮನೆಯ ಜಗಲಿ. ಹಳೆಯ ಹೆಡ್‌ಮಾಸ್ತರರು ನಿವೃತ್ತರಾಗಿದ್ದರು. ಅವರನ್ನು ಬೀಳ್ಕೊಡುವ ಊಟ ಆ ದಿನ. ಊಟವಾದ ಮೇಲೆ ಉರಾಳರು ಹೊಸ ಹೆಡ್‌ಮಾಸ್ತರರ ಹೆಸರು ಬರೆದು ಕುಂದಾಪುರದ ಕಚೇರಿಗೆ ಕಳುಹಿಸುವವರು. ಹಿರಿತನ ಹೇರ್ಳೆಯವರದು. ನಡುವೆ ಇನ್ನೊಂದು ಶಾಲೆಗೆ ಹೋದ ಮಾಸ್ತರರ ಕೆಲಸ ಹೋಯಿತೆಂದೇ ಅಲ್ಲಿಯ ನಿಯಮ. ಆದರೆ ಕಡಲಾಚೆ ಪಾಠ ಹೇಳಿ ಬಂದವರೊಬ್ಬರಿದ್ದರೆ ಶಾಲೆಗೂ ಹೆಸರು ಎಂದು ಉರಾಳರೇ ಅವರಿಗೆ ವರ್ಷದ ರಜೆ ಕೊಟ್ಟು, ಹಿರಿತನ ಉಳಿಸಿ ಕಳುಹಿಸಿದ್ದರು. ಇಪ್ಪತ್ತೆರಡು ವರ್ಷ ನಿಂತೇ ಪಾಠ ಹೇಳಿದ ಹೇರ್ಳೆಯವರಿಗೆ ಹೆಡ್‌ಮಾಸ್ತರರ ಆ ಕೈಕುರ್ಚಿ ಬೇಕಿತ್ತು. ಬೇಕಿತ್ತು ಎಂದರೆ ನಾಚಿಕೆ ಬಿಟ್ಟು ಬೇಕಿತ್ತು.

"ಕೊಲಂಬಿಗೆ ರೈಲೇ ಹೋತ್ತಾ ಮಾಷ್ಟ್ರೆ?" ಎಂದು ಯಾರೋ ಕೇಳಿದರು.

"ರೈಲ್ ಧನುಷ್ಕೋಡಿ ತನಕ. ಅಲ್ಲಿಂದ ಹಡಗ್. ಎರಡೇ ಗಂಟಿ ಕಾಣಿ. ಆ ಎರಡ್ ಗಂಟಿಯಗೆ ನಾ ಮೂರ್ ಸಲ ವಾಂತಿ ಮಾಡಿದೆ," ಎಂದರು ಹೇರ್ಳೆಯವರು. ಹೇಗೆ ಮಾಡಿದೆ ಎಂಬುದನ್ನು ಎದ್ದು ನಿಂತು ಕಂಬ ಹಿಡಿದು ತೋರಿಸಿಯೂ ಬಿಟ್ಟರು.

ಜಗಲಿಯೆಲ್ಲ ನಕ್ಕಿತು. ಪುರೋಹಿತರು ಅಣ್ಣಯ್ಯ ಅಡಿಗರು ಮಾತ್ರ ನಗಲಿಲ್ಲ.

"ಆ ಹಡಗಿನ್ ಕೆಳ್ಗೆ ಎಂತ ಇದ್ದಿತ್?" ಎಂದು ಕೇಳಿದರು.

"ಗದ್ದೆ ಇರತ್ತಾ ಅಡಿಗ್ರೆ? ಸಮುದ್ರ."

ಊಟದ ಹೊತ್ತಾಯಿತು. ಎಲೆ ಹಾಕಿದರು, ಅನ್ನ ಬಡಿಸಿದರು, ತುಪ್ಪ ಬಿತ್ತು, ಹಲಸಿನಕಾಯಿ ಪಲ್ಯ ಬಂತು. ಇನ್ನೇನು ಆಪೋಶನ ತೆಗೆದುಕೊಳ್ಳಬೇಕು ಎನ್ನುವಾಗ ಅಡಿಗರು ಕೈಯ ನೀರನ್ನು ನೆಲಕ್ಕೆ ಚೆಲ್ಲಿ, ಎಲೆಯನ್ನು ಒಂದು ಮೊಳ ಆಚೆಗೆ ತಳ್ಳಿದರು.

"ಸಮುದ್ರ ದಾಟಿದವ್ರ್ ಪಂಕ್ತಿಯಗೆ ಇದ್ರೆ ನಾ ಉಂಬುದಿಲ್ಲೆ."

ಹದಿನೈದು ಕೈಗಳು ಅನ್ನದ ಮೇಲೆ ಹಾಗೆಯೇ ನಿಂತವು. ಕೊಲಂಬು ಕಡಲಾಚೆ ಇದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಊಟದ ಮುಂಚೆ ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ. ಕಂಬ ಹಿಡಿದು ವಾಂತಿ ಮಾಡಿ ತೋರಿಸಿದ ಮೇಲಂತೂ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಉರಾಳರು ಎದ್ದು ಬಂದು ಹೇರ್ಳೆಯವರ ಹೆಗಲ ಮೇಲೆ ಕೈಯಿಟ್ಟರು. "ಹೇರ್ಳ್ರೆ, ಅರ್ಧ ಗಂಟಿ ಕೆಲ್ಸ. ಬಾವಿಕಟ್ಟೆಯಗೆ ಮಿಂದ್ಕಂಡ್ ಬನಿ, ಜನಿವಾರ ಬದಲ್ಸಿ, ಒಂದ್ ಬಟ್ಲ್ ಪಂಚಗವ್ಯ ಕುಡೀನಿ. ಪ್ರಾಯಶ್ಚಿತ್ತ ಮುಗೀತ್. ಅನ್ನ ತಣ್ಗಾತ್ತ್."

ಹಾಲು, ಮೊಸರು, ತುಪ್ಪದವರೆಗೆ ಹೇರ್ಳೆಯವರ ತಕರಾರಿರಲಿಲ್ಲ. ಅದರೊಂದಿಗೆ ಬೆರೆಸುವ ಗಂಜಳ, ಸಗಣಿಯನ್ನೂ ಅವರು ಉಪನಯನದ ದಿನ ಕುಡಿದವರೇ. ಅವರಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ನಲವತ್ತೈದನೆಯ ವಯಸ್ಸಿನಲ್ಲಿ, ಹೆದರಿ ನಡುಗುತ್ತಲೇ ಆ ಹಡಗು ಹತ್ತಿದ್ದರು. ಗೊತ್ತಿಲ್ಲದ ಊರಿನಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ಪಾಠ ಶುರುಮಾಡಿ, ಕೊನೆಗೆ ಆ ಮಕ್ಕಳು ಬೀಳ್ಕೊಡುವಾಗ ಅಳುವಷ್ಟು ಚೆನ್ನಾಗಿ ಕಲಿಸಿದ್ದರು. ಜೀವಮಾನದಲ್ಲಿ ಒಂದೇ ಒಂದು ಧೈರ್ಯದ ಕೆಲಸ ಮಾಡಿ ಬಂದರೆ, ಅದನ್ನು ಕೊಳೆಯ ಹಾಗೆ ತೊಳೆದುಕೋ ಎನ್ನುತ್ತಾರಲ್ಲ!

"ಎಂತ ತಪ್ಪ್ ಮಾಡಿದ್ದಕ್ಕೆ ಪ್ರಾಯಶ್ಚಿತ್ತ?" ಎಂದರು. "ಒಂದ್ ವರ್ಷ ಮಕ್ಳಿಗೆ ಲೆಕ್ಕ ಕಲ್ಸಿದೆ. ಅಲ್ಲಿಯ ಮಕ್ಳಿಗೂ ಎರಡೂ ಎರಡೂ ನಾಕೇ. ಅದ್ರಗೆ ಪಾಪ ಎಲ್ಲಿತ್ತ್ ಅಂದೇಳಿ ತೋರ್ಸಿ, ಒಂದ್ ಬಟ್ಲಲ್ಲ, ಒಂದ್ ಕೊಡಪಾನ ಕುಡೀತೆ."

"ವಾದ ಬೇಡ ಮಾರಾಯ್ರೆ," ಎಂದರು ಉರಾಳರು. "ಪಂಚಗವ್ಯ ಮಾಡ್ಸಿ ಇಡ್ತೆ. ಸಂಜಿ ದೀಪ ಹಚ್ಚುದ್ರೊಳ್ಗೆ ಕುಡುದ್ರೆ ನಿಮ್ಮ ಹೆಸ್ರ್. ಇಲ್ದಿರೆ ಬಾಯಿರಿ ಮಾಷ್ಟ್ರ ಹೆಸ್ರ್ ಬರೀತೆ. ಊರ್ ಪಂಕ್ತಿಗೆ ಆಗ್ದವ್ರನ್ನ ನಾ ಹ್ಯಾಂಗೆ ಹೆಡ್‌ಮಾಷ್ಟ್ರ್ ಮಾಡ್ಲಿ?"

ಮಹಾಲಿಂಗ ಬಾಯಿರಿಯವರು ಎರಡನೆಯ ಮಾಸ್ತರರು. ಕುಂದಾಪುರದಿಂದ ಆಚೆಗೆ ಕಾಲಿಟ್ಟವರಲ್ಲ. ಅವರು ಈ ಮಾತು ಕೇಳಿ ಬಹಳ ದುಃಖದಿಂದ ತಲೆ ತಗ್ಗಿಸಿ, ಪಾಯಸದ ಪಾತ್ರೆ ಎಲ್ಲಿಯವರೆಗೆ ಬಂತೆಂದು ಓರೆಗಣ್ಣಲ್ಲಿ ನೋಡಿದರು.

"ಕುಡಿಯುದಿಲ್ಲೆ. ಹೆಸ್ರೂ ನಂದೇ ಬರೀಕ್. ಕಾಂಬ," ಎಂದು ಹೇರ್ಳೆಯವರು ಉಣ್ಣದೆ ಎದ್ದು ಹೊರಟರು.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಸುಗುಣಾ ಬಾಗಿಲಲ್ಲಿಯೇ ನಿಂತಿದ್ದರು.

"ಒಂದ್ ಬಟ್ಲ್ ಕುಡುದ್ರೆ ಜೀವ ಹೋತ್ತಾ?"

"ಜೀವ ಹೋತಿಲ್ಲೆ. ಮರ್ಯಾದಿ ಹೋತ್ತ್."

"ವಾಂತಿ ಮಾಡಿದ್ದ್ ಊರಿಗೆಲ್ಲಾ ಹೇಳುವತಿಗೆ ಆ ಮರ್ಯಾದಿ ಎಲ್ಲ್ ಹೋಯಿತ್ತ್?"

ಅಷ್ಟರಲ್ಲಿ ನೆರೆಮನೆಯ ವನಮಾಲಾ ಅಂಗಳಕ್ಕೆ ಬಂದರು. ಮೂರು ದಿನದ ಹಿಂದೆ ಹೇರ್ಳೆಯವರು ಪ್ರೀತಿಯಿಂದ ಕೊಟ್ಟಿದ್ದ ಕೊಲಂಬಿನ ಬಾಚಣಿಗೆಯನ್ನು ತುಳಸಿಕಟ್ಟೆಯ ಹತ್ತಿರ ದೂರದಿಂದ ಇಟ್ಟು, "ಸಮುದ್ರ ದಾಟಿದ ಸಾಮಾನ್, ನಮ್ಗೆ ಆತಿಲ್ಲೆ ಸುಗುಣಕ್ಕ" ಎಂದು ಹೋದರು. ಬಾಚಣಿಗೆಯ ಹಲ್ಲುಗಳಲ್ಲಿ ಅವರ ಕೂದಲು ಸಾಕಷ್ಟಿತ್ತು. ಅವರ ಹಿಂದೆಯೇ ಇನ್ನೊಂದು ಮನೆಯಿಂದ ದಾಲ್ಚಿನ್ನಿ ಬಂತು, ಮತ್ತೊಂದು ಮನೆಯಿಂದ ಚಹಾಪುಡಿ ಬಂತು, ಪೊಟ್ಟಣ ಅರ್ಧವಾಗಿತ್ತು. ಟಾರ್ಚು ಪಡೆದುಕೊಂಡಿದ್ದ ಮೂರು ಮನೆಗಳಿಂದ ಮಾತ್ರ ಯಾರೂ ಬರಲಿಲ್ಲ. ಅವರ ಭಕ್ತಿ ಕತ್ತಲೆಯಲ್ಲಿ ಕಾಣಿಸುವುದಿಲ್ಲವೇನೋ.

ಹೇರ್ಳೆಯವರು ತುಳಸಿಕಟ್ಟೆಯ ಮೇಲಿನ ಈ ಸಾಮಾನುಗಳನ್ನು ನೋಡುತ್ತ ನಿಂತರು. ಆಗ ಅವರಿಗೆ ಗಂಗೊಳ್ಳಿಯ ನೆನಪಾಯಿತು. ಅಣ್ಣಯ್ಯ ಅಡಿಗರು ಗಂಗೊಳ್ಳಿಯ ವ್ಯಾಪಾರಿಗಳ ಮನೆಗೆ ತಿಂಗಳಿಗೆ ಎರಡು ಸಲ ಪೂಜೆಗೆ ಹೋಗುವವರು. ಕುಂದಾಪುರದಿಂದ ಅಲ್ಲಿಗೆ ಹೋಗಬೇಕಾದರೆ ದೋಣಿ. ದೋಣಿ ದಾಟುವುದು ಅಳಿವೆಯ ಹತ್ತಿರ, ಹೊಳೆ ಹೋಗಿ ಕಡಲು ಸೇರುವಲ್ಲಿ.

"ಸುಗುಣಾ, ಆ ಹಿತ್ತಾಳಿ ತಂಬಿಗಿ ಕೊಡ್."

"ಎಂತಕೆ?"

"ಅಡಿಗ್ರಿಗೆ ನೀರ್ ಕುಡ್ಸುಕೆ."

ಕುಂದಾಪುರದ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡುವಂಥದು. ಓಡುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಕುಂಭಾಶಿಯ ಏರಿನಲ್ಲಿ ಹೇರ್ಳೆಯವರು ಮೇ ತಿಂಗಳ ಬಿಸಿಲಿಗೆ ಬರಿಹೊಟ್ಟೆಯಲ್ಲಿ ಅದನ್ನು ನೂಕಿ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ಗಂಗೊಳ್ಳಿಗೆ ದೋಣಿ ಹೊರಡುವ ಕಡವು ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ದೋಣಿ ನಡೆಸುವ ಗುಡ್ಡನೆಂಬವನು ಅವರನ್ನು ನಡುನೀರಿಗೆ ಕರೆದೊಯ್ದ. ಹೇರ್ಳೆಯವರು ಬಗ್ಗಿ ತಂಬಿಗೆ ತುಂಬಿಸಿ, ಒಂದು ಗುಟುಕು ಬಾಯಿಗೆ ಹಾಕಿ, ಮುಖ ಹಿಂಡಿ, ಸಂತೋಷದಿಂದ ನಕ್ಕರು.

"ಹ್ವಾಯ್ ಮಾಷ್ಟ್ರೆ, ಉಪ್ಪ್ ನೀರ್ ಎಂತಕೆ ತುಂಬ್ಸ್‌ತ್ರಿ?" ಎಂದ ಗುಡ್ಡ, ಇವರಿಗೆ ಬಿಸಿಲು ತಲೆಗೇರಿತೇನೋ ಎಂದು ನೋಡುತ್ತ.

ಹೇರ್ಳೆಯವರು ಎಲ್ಲ ಹೇಳಿದರು. ಗುಡ್ಡ ಹುಟ್ಟು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಡಿಗ್ರಾ? ಹೋದ್ ಮಳ್ಗಾಲದಗೆ, ಸೋಣೆ ತಿಂಗಳಗೆ, ಹೊಳಿ ಸೆಳ್ತಕ್ಕೆ ಇದೇ ದೋಣಿ ಅಳಿವಿಯಿಂದ ಹೊರ್ಗೆ ಹೋಯಿತ್ತ್ ಮಾಷ್ಟ್ರೆ. ಒಳ್ಳೆ ಕಡಲಗೆ ಒಂದ್ ಗಂಟಿ ಇದ್ದಿತ್. ಅಡಿಗ್ರ್ ನನ್ನ ಹೆಗಲ್ ಹಿಡ್ಕಂಡ್ ವಾಂತಿ ಮಾಡ್ರ್. ನನ್ ಮೈ ಮೇಲೇ. ಯಾರಿಗೂ ಹೇಳ್ಬೇಡ ಅಂದಿರ್."

"ಎಷ್ಟ್ ಸಲ ಮಾಡ್ರ್?"

"ಯಾರ್ ಲೆಕ್ಕ ಇಟ್ಕಂತ್ರ್? ನಾಕೈದ್ ಇಪ್ಪುಕೆ ಸಾಕ್."

ಹೇರ್ಳೆಯವರು ನಡುನೀರಿನಲ್ಲಿ ಗುಡ್ಡನನ್ನು ತಬ್ಬಿಕೊಳ್ಳಲು ಹೋದರು. ದೋಣಿ ವಾಲಿತು, ತಂಬಿಗೆ ಮಗುಚಿತು, ಮತ್ತೆ ತುಂಬಿಸಬೇಕಾಯಿತು. "ನೀ ಈಗ್ಲೇ ನನ್ನೊಟ್ಟಿಗೆ ಬಾ, ಗುಡ್ಡ. ಉರಾಳ್ರ ಮನಿಯಗೆ ಇದೇ ಮಾತ್ ಒಂದ್ ಸಲ ಹೇಳ್, ಸಾಕ್."

ಇಬ್ಬರೂ ತೆಕ್ಕಟ್ಟೆಗೆ ಬಂದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಜಗಲಿಯಲ್ಲಿ ಅದೇ ಮಂದಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಊರಿನಲ್ಲಿ ಇಂಥ ದಿನ ಯಾರು ಮನೆಗೆ ಹೋಗುತ್ತಾರೆ? ಕಂಬದ ಬುಡದಲ್ಲಿ ಕಂಚಿನ ಬಟ್ಟಲಲ್ಲಿ ಪಂಚಗವ್ಯ ಬಾಳೆಲೆ ಮುಚ್ಚಿಕೊಂಡು ಕಾಯುತ್ತಿತ್ತು. ಗುಡ್ಡ ಅಂಗಳದಲ್ಲಿ ನಿಂತ. ಹೇರ್ಳೆಯವರು ತಂಬಿಗೆಯನ್ನು ಅಡಿಗರ ಮುಂದೆ ಕುಕ್ಕಿದರು.

"ಇದ್ ಹೊಳಿ ನೀರಾ, ಕಡಲ್ ನೀರಾ? ರುಚಿ ಕಂಡ್ ಹೇಳಿ ಅಡಿಗ್ರೆ."

ಅಡಿಗರ ಕಣ್ಣು ತಂಬಿಗೆಯ ಮೇಲಿರಲಿಲ್ಲ. ಅಂಗಳದಲ್ಲಿದ್ದ ಗುಡ್ಡನ ಮೇಲಿತ್ತು. ಗುಡ್ಡನೂ ಕೈಮುಗಿದು, ಸೋಣೆ ತಿಂಗಳ ಕತೆಯನ್ನು ಒಂದಕ್ಷರ ಬಿಡದೆ, ವಾಂತಿಯ ಸಮೇತ ಹೇಳಿ ಮುಗಿಸಿದ.

ಎಲೆಯಡಿಕೆ ಅಗಿಯುತ್ತಿದ್ದವರೆಲ್ಲ ಅಡಿಗರ ಕಡೆ ತಿರುಗಿದರು.

"ನಾ ಎಂತ ದಾಟಲಿಲ್ಲೆ," ಎಂದರು ಅಡಿಗರು ಕಡೆಗೆ. "ಹೋದೆ, ತಿರ್ಗಿ ಬಂದೆ. ಅಷ್ಟೇ."

"ನಾನೂ ಅಷ್ಟೇ ಮಾಡಿದ್ದ್. ಹೋದೆ, ತಿರ್ಗಿ ಬಂದೆ. ತಿರ್ಗಿ ಬಂದದ್ದಕ್ಕೇ ಅಲ್ದಾ ಈ ರಗಳೆ?" ಎಂದರು ಹೇರ್ಳೆಯವರು. "ನಂಗೆ ಪ್ರಾಯಶ್ಚಿತ್ತ ಆರೆ ನಿಮ್ಗೂ ಆಯ್ಕ್. ನೀವ್ ಸೋಣೆಯಿಂದ ಇಲ್ಲಿ ತನಕ ಉಂಡ ಪಂಕ್ತಿ ಎಲ್ಲದಕ್ಕೂ ಆಯ್ಕ್. ಉರಾಳ್ರ ಮಗಳ ಮದಿ ಮಾಡ್ಸಿದ್ದ್ ಯಾರ್?"

ಉರಾಳರ ಮುಖ ಬಿಳುಚಿತು. ಮಗಳ ಮದುವೆಯಲ್ಲಿ ಉಂಡವರು ಐದು ನೂರು ಜನ. "ಅಡಿಗ್ರೆ," ಎಂದರು ಸಣ್ಣ ದನಿಯಲ್ಲಿ, "ಎಂತಾರೂ ಒಂದ್ ದಾರಿ ಕಾಣಿ."

ಅಡಿಗರು ಕಣ್ಣು ಮುಚ್ಚಿ ಕೂತರು. ಹೇರ್ಳೆಯವರು ಎದೆಯುಬ್ಬಿಸಿ ನಿಂತರು. ಬಹಳ ಹೊತ್ತಿನ ಮೇಲೆ ಅಡಿಗರು ಕಣ್ಣು ಬಿಟ್ಟಾಗ ಅವರ ಮುಖದಲ್ಲಿ ದೊಡ್ಡ ನೆಮ್ಮದಿಯಿತ್ತು.

"ಹೇರ್ಳ್ರೆ, ನೀವ್ ಹಡಗ್ ಹತ್ತಿದ್ದ್ ಎಲ್ಲಿ?"

"ಧನುಷ್ಕೋಡಿಯಗೆ."

"ಅದ್ ಸೇತು ಅಲ್ದಾ? ಅಲ್ಲಿಂದ ಲಂಕೆ ತನಕ ಕಪಿಗಳ್ ಕಟ್ಟಿದ್ ಸೇತುವೆ ಇತ್ತ್. ಈಗ್ಲೂ ನೀರಡೀಗೆ ಇತ್ತ್. ನಿಮ್ಮ ಹಡಗ್ ಹೋದ್ದ್ ಆ ಸೇತುವಿ ಮೇಲೆ. ಸೇತುವಿ ಮೇಲೆ ಹೋದವ್ರ್ ಸಮುದ್ರ ದಾಟಿದ ಹಾಂಗೆ ಆತಿಲ್ಲೆ. ದೋಷ ಹೋಯ್ಲಿ, ಸೇತುಯಾತ್ರಿ ಮಾಡಿದ ಪುಣ್ಯ ಬಂತ್ ನಿಮ್ಗೆ. ಪ್ರಾಯಶ್ಚಿತ್ತ ಬೇಡ." ಹಾಗೆ ಹೇಳಿ, ಅಂಗಳದ ಕಡೆ ನೋಡದೆ ಸೇರಿಸಿದರು: "ಇನ್ ದೋಣಿ ಮಾತ್ ಯಾರೂ ಎತ್ತುಕಿಲ್ಲೆ."

ಜಗಲಿ ಉಸಿರು ಬಿಟ್ಟಿತು. ಯಾರೋ ಹೇರ್ಳೆಯವರ ಬೆನ್ನು ತಟ್ಟಿದರು. ಬೆಳಿಗ್ಗೆ ಕೈ ಹಿಂದಕ್ಕೆಳೆದವರೇ ಈಗ ಅವರನ್ನು ಕರೆದು ಕೂರಿಸಿ ಎಲೆ ಹಾಕಿದರು. ಉಳಿದ ಪಾಯಸವನ್ನು ಅಡಿಗರ ಪಕ್ಕದಲ್ಲಿಯೇ ಕೂತು ಹೇರ್ಳೆಯವರು ಮೂರು ಸಲ ಬಡಿಸಿಕೊಂಡು ಉಂಡರು. ತಲೆ ಬಗ್ಗಿಸದೆ ಗೆದ್ದ ಊಟಕ್ಕೆ ಇಂಥ ರುಚಿ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಉರಾಳರು ಕಾಗದ ಬಿಡಿಸಿ, ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಆಗ ಬಾಯಿರಿ ಮಾಸ್ತರರು ಬಹಳ ವಿನಯದಿಂದ, ಆ ದಿನದ ಮೊದಲ ಮಾತಾಡಿದರು.

"ಉರಾಳ್ರೆ, ಹೇರ್ಳ್ರಿಗೆ ಹಿರಿತನ ಉಳ್ಸಿ ರಜಿ ಕೊಟ್ಟದ್ದ್ ಕಡಲಾಚೆ ಪಾಠ ಹೇಳುಕೆ ಅಲ್ದಾ?"

"ಹೌದ್."

"ಅವ್ರ್ ಕಡಲ್ ದಾಟಲೇ ಇಲ್ಲೆ ಅಂಬ್ರಲೆ ಅಡಿಗ್ರ್."

ಲೇಖನಿ ಕಾಗದದ ಮೇಲೆ ನಿಂತಿತು. ಉರಾಳರು ಅಡಿಗರ ಮುಖ ನೋಡಿದರು. ಅಡಿಗರು ಮಾಡಿನ ಜಂತಿ ನೋಡಿದರು. ಹೇರ್ಳೆಯವರು ದಾಟಿದರೆಂದರೆ ಅಡಿಗರೂ ದಾಟಿದ ಹಾಗೆ. ಮದುವೆಯಲ್ಲಿ ಉಂಡ ಐದು ನೂರು ಜನ ಇಬ್ಬರ ನಡುವೆಯೂ ಇದ್ದರು.

"ಹಾಂಗಾರೆ..." ಎಂದರು ಉರಾಳರು ನಿಧಾನಕ್ಕೆ, "ಈ ದೇಶದಗೇ ಬೇರೆ ಶಾಲಿಗೆ ಹೋದ ಲೆಕ್ಕ. ಕೆಲ್ಸ ಬಿಟ್ಟ ಹಾಂಗೆ ಆತ್ತ್. ಬೇಜಾರ್ ಮಾಡ್ಕಣ್ಬೇಡಿ ಹೇರ್ಳ್ರೆ. ಒಂದನೇ ಕ್ಲಾಸಿಗೆ ಹೊಸ ಮಾಷ್ಟ್ರ್ ಒಬ್ರ್ ಬೇಕಾಯಿತ್ತ್. ಬಾಯಿರಿಯವ್ರ್ ಹೇಳ್ದಲ್ಲಿ ಕೂಕಣಿ."

ಹೇರ್ಳೆಯವರು ಎಂಜಲು ಕೈಯಲ್ಲೇ ಎದ್ದರು. "ನಾ ದಾಟಿದ್ದೆ. ಸಮುದ್ರವೇ ದಾಟಿದ್ದೆ. ಮೂರ್ ಸಲ ವಾಂತಿ ಮಾಡಿದ್ದೆ."

"ಸೇತುವಿ ಮೇಲೂ ವಾಂತಿ ಆತ್ತ್," ಎಂದರು ಅಡಿಗರು.

"ನಂಗೆ ದೋಷ ಇತ್ತ್. ಪ್ರಾಯಶ್ಚಿತ್ತ ಮಾಡ್ಸಿ. ಈಗ್ಲೇ ಮಾಡ್ಸಿ."

"ದೋಷ ಇಲ್ದವ್ರಿಗೆ ಪ್ರಾಯಶ್ಚಿತ್ತ ಮಾಡ್ಸ್ರೆ ಆ ದೋಷ ನಂಗೆ ಬತ್ತ್ ಹೇರ್ಳ್ರೆ. ಅದ್ ಮಾತ್ರ ಆತಿಲ್ಲೆ."

ಹೇರ್ಳೆಯವರು ಎರಡು ಹೆಜ್ಜೆಗೆ ಕಂಬದ ಬುಡ ಮುಟ್ಟಿದರು. ಬಾಳೆಲೆ ಕಿತ್ತೆಸೆದು, ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲೆತ್ತಿ, ಬೆಳಿಗ್ಗೆಯಿಂದ ಆ ಬಿಸಿಲಿನಲ್ಲಿ ಹುಳಿಬಂದಿದ್ದುದನ್ನು ಗಟಗಟನೆ ಕೊನೆಯ ತೊಟ್ಟಿನವರೆಗೆ ಕುಡಿದು, ಬಟ್ಟಲನ್ನು ಉರಾಳರ ಕಾಗದದ ಮೇಲೆಯೇ ಮಗುಚಿಟ್ಟರು.

"ಈಗ ಹೇಳಿ. ದಾಟಿದ್ನಾ ಇಲ್ಯಾ?"

ಉರಾಳರು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಯಿರಿಯವರ ಹೆಸರು ಬರೆಯತೊಡಗಿದರು. ಅಡಿಗರು ಬಗ್ಗಿ, ಬರಿದಾದ ಬಟ್ಟಲನ್ನು ಎತ್ತಿ ನೋಡಿ, ಬಹಳ ಕನಿಕರದಿಂದ ಹೇಳಿದರು:

"ಮಂತ್ರ ಹೇಳಿ ಕುಡುದ್ರೆ ಪಂಚಗವ್ಯ ಹೇರ್ಳ್ರೆ. ಈಗ ನೀವ್ ಕುಡುದ್ದ್ ಬರೀ ಗಂಜಳ."