ತೊಟ್ಟಿಲಲ್ಲಿರುವ ಹಿಂದಿ ಶಿಕ್ಷಕಿಯನ್ನು ಕೆಲಸದಿಂದ ಬಿಡುಗಡೆಗೊಳಿಸುವ ಬಗ್ಗೆ

ಇಂದ,
ಗವಿಸಿದ್ದೇಶ,
ಸಮಾಜ ವಿಜ್ಞಾನ ಶಿಕ್ಷಕ,
ಸಂಸ್ಥೆಯ ಪ್ರೌಢಶಾಲೆ, ತಳಕಲ್.

ಗೆ,
ಮಾನ್ಯ ಕಾರ್ಯದರ್ಶಿಗಳು,
ಸಂಸ್ಥೆಯ ಕೇಂದ್ರ ಕಚೇರಿ, ಕೊಪ್ಪಳ.

ವಿಷಯ: ನನ್ನ ಮಗಳು ತಮ್ಮ ಸಂಸ್ಥೆಯ ನೌಕರಳಲ್ಲ ಎಂದು ಘೋಷಿಸುವ ಕುರಿತು.

ಉಲ್ಲೇಖ: 1. ಕಚೇರಿ ಇಮೇಲ್ ಬಳಕೆ ಹಾಗೂ ಕಂಪ್ಯೂಟರ್ ನಿಗಾ ಬಗ್ಗೆ ತಮ್ಮ ಸುತ್ತೋಲೆ.
2. ಕರ್ತವ್ಯದಲ್ಲಿ ನಿರಾಸಕ್ತಿ ತೋರಿದ್ದಕ್ಕಾಗಿ ನನ್ನ ಮಗಳಿಗೆ ಬಂದ ಕಾರಣ ಕೇಳುವ ನೋಟಿಸು.
3. ಸದರಿ ನೋಟಿಸಿಗೆ ಮಗಳು ಖುದ್ದಾಗಿ ನೀಡಿದ ಉತ್ತರ (ಅಳು).

ಮಾನ್ಯರೇ,

ಮೇಲಿನ ವಿಷಯವನ್ನು ಓದಿ ತಾವು ಕನ್ನಡಕ ಒರೆಸಿಕೊಳ್ಳುವ ಅಗತ್ಯವಿಲ್ಲ. ಅದು ಸರಿಯಾಗಿಯೇ ಇದೆ. ವಿಚಾರಣೆಯ ದಿನ ತಾವು ಗದಗಿಗೆ ಹೋಗಿದ್ದ ಕಾರಣ, ನಡೆದದ್ದನ್ನು ಮೊದಲಿನಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ.

1. ನಾನು ಮತ್ತು ನನ್ನ ಹೆಂಡತಿ ರೇಣುಕಾ ಇಬ್ಬರೂ ತಳಕಲ್ ಶಾಲೆಯ ಶಿಕ್ಷಕರು. ಆಕೆಯದು ಗಣಿತ. ಹೆರಿಗೆ ರಜೆ ಪಡೆದು ಕುಷ್ಟಗಿಯ ತವರಿಗೆ ಹೋದಳು. ಹೆಣ್ಣು ಮಗು ಹುಟ್ಟಿತು. ತಾಯಿ ಮತ್ತು ಮಗು ಕ್ಷೇಮ. ತಂದೆಯ ಸ್ಥಿತಿ ಮುಂದಿನ ಅಂಶಗಳಿಂದ ತಿಳಿದುಬರುತ್ತದೆ.

2. ಮಗುವಿಗೆ ರಿಯಾಂಶಿ ಎಂದು ಹೆಸರಿಡಬೇಕೆಂಬುದು ನನ್ನ ಆಸೆ. ಅರ್ಥ ಗೊತ್ತಿರಲಿಲ್ಲ, ಕೇಳಲು ಚೆನ್ನಾಗಿತ್ತು. ರೇಣುಕಾಗೆ ತನ್ನನ್ನು ಸಾಕಿ ಬೆಳೆಸಿದ ಅಜ್ಜಿ ಸಣ್ಣವ್ವನ ಹೆಸರೇ ಆಗಬೇಕಿತ್ತು. ಈ ಸಂಬಂಧ ಫೋನಿನಲ್ಲಿ ನಡೆದ ಸಭೆಯ ನಡಾವಳಿ ಇಂತಿದೆ:

"ರಿಯಾಂಶಿ ಅಂದ್ರ ಏನ್ರೀ? ತಲಿನೋವಿನ ಗುಳಿಗಿ ಹೆಸರಿದ್ದಂಗ ಐತಿ."

"ಸಣ್ಣವ್ವ ಅಂತ ಇಟ್ಟು, ನಾಳೆ ಆಕಿ ದಪ್ಪ ಆದ್ರ ಏನ್ ಮಾಡ್ತಿ?"

"ನಮ್ಮ ಆಯಿ ದಪ್ಪ ಇದ್ಲು ಅಂತ ಆಡ್ಕೊಳ್ಳಾಕತ್ತೀರೇನು?"

ಅಜ್ಜಿ ದಪ್ಪಗಿದ್ದದ್ದು ನನಗೆ ಆ ಕ್ಷಣಕ್ಕೆ ನಿಜವಾಗಿಯೂ ನೆನಪಿರಲಿಲ್ಲ. ಫೋನು ಕಟ್ಟಾಯಿತು. ಆಮೇಲೆ ನನ್ನ ನಂಬರು ಬ್ಲಾಕ್ ಆಯಿತು. ಮಾವನವರಿಗೆ ಮಾಡಿದರೆ ಅವರು "ಹಲೋ, ಏನೂ ಕೇಳವಲ್ದು" ಎಂದು ಬಹಳ ಸ್ಪಷ್ಟವಾದ ದನಿಯಲ್ಲಿ ಹೇಳಿ ಇಟ್ಟುಬಿಡುತ್ತಿದ್ದರು. ಮಗಳನ್ನು ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದು ಬಿಟ್ಟರೆ, ಎತ್ತಿಕೊಂಡೂ ಇರಲಿಲ್ಲ. ಪರಿಣಾಮವಾಗಿ ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುವಾಗ "ಮೊಘಲರ ಆಳ್ವಿಕೆ" ಎನ್ನುವ ಬದಲು "ಮಗಳ ಆಳ್ವಿಕೆ" ಎಂದಿದ್ದೇನೆ. ಮಕ್ಕಳು ಹಾಗೆಯೇ ಬರೆದುಕೊಂಡಿದ್ದಾರೆ.

3. ಶಾಲೆಯ ವಿಳಾಸದಿಂದ ಬಂದ ಇಮೇಲನ್ನು ಯಾವ ಸಿಬ್ಬಂದಿಯೂ ಬ್ಲಾಕ್ ಮಾಡುವಂತಿಲ್ಲ ಎಂದು ತಮ್ಮ ಸುತ್ತೋಲೆಯಲ್ಲಿದೆ. ಆದ್ದರಿಂದ ಶಾಲೆಯ ಇಮೇಲಿನಿಂದಲೇ ಹೆಂಡತಿಗೆ ಬರೆಯಲು ನಿರ್ಧರಿಸಿದೆ. ಆದರೆ ವೈಯಕ್ತಿಕ ವಿಷಯ ಬರೆಯಬಾರದು, ಪ್ರತಿಯೊಂದು ಇಮೇಲನ್ನೂ ಕೊಪ್ಪಳದ ಕಂಪ್ಯೂಟರ್ ವಿಭಾಗ ಓದುತ್ತದೆ ಎಂದೂ ಅದೇ ಸುತ್ತೋಲೆಯಲ್ಲಿದೆ. ಆದ್ದರಿಂದ ಯಾರಿಗೂ ಸಂಶಯ ಬಾರದ ಹಾಗೆ ಈ ಕೆಳಗಿನಂತೆ ಬರೆದೆ:

"ವಿಷಯ: ನೂತನ ಸದಸ್ಯೆಯ ಹೆಸರು. ಕುಮಾರಿ ರಿಯಾಂಶಿ ಎಂಬ ಹೆಸರನ್ನು ದಯವಿಟ್ಟು ಪರಿಗಣಿಸಬೇಕು. ಸದಸ್ಯೆಯ ಮುಖ ನೋಡದೆ ಇಲ್ಲಿ ಯಾವ ಕೆಲಸವೂ ಸಾಗುತ್ತಿಲ್ಲ."

4. ಕಂಪ್ಯೂಟರ್ ವಿಭಾಗದ ಪ್ರಭುರಾಜ ಅವರು ಹೊಸದಾಗಿ ಸೇರಿದವರು, ಬಹಳ ನಿಷ್ಠಾವಂತರು. ಇಮೇಲ್ ಓದಿ, ಕೆಲಸ ಸಾಗುತ್ತಿಲ್ಲವೆಂದು ಮರುಗಿ, ರಿಯಾಂಶಿಯ ಹೆಸರಿನಲ್ಲಿ ನೌಕರರ ಖಾತೆ ತೆರೆದರು. "ತಳಕಲ್ ಶಾಲೆಯ ಹೊಸ ಶಿಕ್ಷಕಿಗೆ ಸ್ವಾಗತ" ಎಂದು ಎಲ್ಲ ಸಿಬ್ಬಂದಿಗೂ ಇಮೇಲ್ ಹೋಯಿತು. ದೈಹಿಕ ಶಿಕ್ಷಕ ಯೂಸುಫ ಅವರು ಉತ್ತರವಾಗಿ, "ಮೇಡಂ, ವಾಲಿಬಾಲ್ ಆಡ್ತೀರೇನ್ರಿ?" ಎಂದು ಕೇಳಿದರು. ಹಿಂದಿ ಶಿಕ್ಷಕರಿಗಾಗಿ ಹೋದ ವರ್ಷದಿಂದ ಕಾಯುತ್ತಿದ್ದ ನಮ್ಮ ಮುಖ್ಯೋಪಾಧ್ಯಾಯಿನಿ ಶರಣಬಸಮ್ಮನವರು ಕೂಡಲೇ ಎಂಟನೇ ತರಗತಿಯ ಹಿಂದಿಯನ್ನು ರಿಯಾಂಶಿಗೆ ವಹಿಸಿ ವೇಳಾಪಟ್ಟಿ ಅಂಟಿಸಿದರು. ನಾನು ಓಡಿಹೋದೆ.

"ಮೇಡಂ, ಅದು ನನ್ನ ಮಗಳ್ರಿ."

ಅವರು ಅಂಕಪಟ್ಟಿಗಳಿಗೆ ಸಹಿ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. "ಯಾರ ಮಗಳಾದ್ರೇನ್ರೀ, ಹಿಂದಿ ಬಂದ್ರ ಸಾಕು."

"ಆಕಿಗಿನ್ನೂ ಕನ್ನಡನೂ ಬರಂಗಿಲ್ರೀ!"

"ಕಲೀತಾಳ ಬಿಡ್ರಿ. ನೀವು ಬಂದಾಗ ನಿಮಗೇನ್ ಬರ್ತಿತ್ತು?"

5. ಸದರಿ ಸ್ವಾಗತ ಇಮೇಲ್ ಕುಷ್ಟಗಿಯಲ್ಲಿ ರೇಣುಕಾಳ ಫೋನಿಗೂ ತಲುಪಿತು. ತನ್ನನ್ನು ಕೇಳದೆ ನಾನು ಮಗಳ ಹೆಸರನ್ನು ಸಂಸ್ಥೆಯ ದಾಖಲೆಗೇ ಸೇರಿಸಿಬಿಟ್ಟೆನೆಂದು ಆಕೆ ತಿಳಿದಳು. ಉತ್ತರ ಬಂತು: "ಹೆಸರಿಟ್ಟ ಮ್ಯಾಲೆ ನಾವ್ಯಾಕ ಬೇಕ್ರಿ? ನಿಮ್ಮ ರಿಯಾಂಶಿನ್ನ ನೀವ ಹಡಕೊಳ್ರಿ." ಈ ಇಮೇಲನ್ನು ಕಂಪ್ಯೂಟರ್ ವಿಭಾಗವು ಓದಿ, ಸಿಬ್ಬಂದಿ ನೇಮಕಾತಿಯ ಕಡತಕ್ಕೆ ಸೇರಿಸಿದೆ.

6. ಅನಂತರ ರಿಯಾಂಶಿಯ ಮೇಲೆ ನಿಗಾ ಆರಂಭವಾಯಿತು. ಆಕೆ ಒಮ್ಮೆಯೂ ಲಾಗಿನ್ ಆಗಿಲ್ಲ, ಕೀಲಿಮಣೆ ಮುಟ್ಟಿಲ್ಲ ಎಂದು ಯಂತ್ರ ವರದಿ ಕೊಟ್ಟಿತು. ನೋಟಿಸು ಬಂತು. ನಾನು ಪ್ರಭುರಾಜ ಅವರಿಗೆ ಫೋನ್ ಮಾಡಿದೆ.

"ಸರ್, ಆಕಿ ಮಲಗ್ಯಾಳ್ರಿ."

"ಸಾಲಿ ಟೈಮಿನಾಗ ಮಲಗಿದ್ರ ಹೆಂಗ್ರಿ ಸರ್?"

"ಹಾಲು ಕುಡುದು ಮಲಗ್ಯಾಳ್ರಿ."

"ಏನ್ ಕುಡುದು ಮಲಗಿದ್ರೂ ರೂಲ್ಸ್ ಒಂದ ಐತ್ರಿ. ಖುದ್ದು ಬಂದು ಹೇಳಾಕ ಹೇಳ್ರಿ."

7. ಬೇರೆ ದಾರಿ ಕಾಣದೆ ಯೂಸುಫ ಅವರ ಫೋನಿನಿಂದ ರೇಣುಕಾಗೆ ಕರೆ ಮಾಡಿ, ಉಸಿರು ಬಿಡದೆ ಎಲ್ಲವನ್ನೂ ಹೇಳಿ, ನೋಟಿಸನ್ನು ಓದಿದೆ. ಬೈಯುತ್ತಾಳೆಂದು ಫೋನನ್ನು ಕಿವಿಯಿಂದ ದೂರ ಹಿಡಿದಿದ್ದೆ. ಬೈದಳು, ಆದರೆ ನನ್ನನ್ನಲ್ಲ.

"ನನ್ನ ಕೂಸಿಗೆ ನಿರಾಸಕ್ತಿ ಅಂದವ್ರು ಯಾರ್ರೀ? ದಿನಾ ಕಾಲು ಝಾಡಿಸಿ ಝಾಡಿಸಿ ಹಾಸಿಗಿ ಹರದೈತಿ ಅದು! ನಡೀರಿ ಕೊಪ್ಪಳಕ್ಕ."

8. ಆ ಪ್ರಕಾರ ಆಕೆ ಮಗುವನ್ನೂ ತನ್ನ ತಾಯಿಯನ್ನೂ ಕರೆದುಕೊಂಡು ಕುಷ್ಟಗಿಯಿಂದ ಬಂದಳು. ನಾನು ತಳಕಲ್‌ನಿಂದ ಬಂದೆ. ಕಚೇರಿಯ ಮೆಟ್ಟಿಲಲ್ಲಿ ಭೇಟಿಯಾದೆವು. ರೇಣುಕಾ ನನ್ನನ್ನು ದಾಟಿ ಮೆಟ್ಟಿಲೇರಿದಳು. ನೇರ ಒಳಗೆ ಹೋಗಿ, ಪ್ರಭುರಾಜ ಅವರ ಮೇಜಿನ ಮೇಲೆ ದುಪ್ಪಟಿ ಹಾಸಿ, ಮಗುವನ್ನು ಮಲಗಿಸಿದಳು.

"ಇಕಾ, ನಿಮ್ಮ ಹಿಂದಿ ಮೇಡಂ. ಏನ್ ಕೇಳ್ತೀರಿ ಕೇಳ್ರಿ."

ಪ್ರಭುರಾಜ ಅವರು ಮಗುವನ್ನು ನೋಡಿದರು, ಪರದೆಯ ಮೇಲೆ ತೆರೆದಿದ್ದ ರಿಯಾಂಶಿಯ ಖಾತೆ ನೋಡಿದರು, ಮತ್ತೆ ಮಗುವನ್ನು ನೋಡಿದರು. "ಇವರು... ಇವರ ಏನ್ರಿ?" ಎಂದರು. ಎದ್ದು ನಿಂತರು. ಮಗುವಿಗೆ ಬಹುವಚನ ಹಚ್ಚುವುದನ್ನು ಬಿಡಲು ಅವರಿಂದ ಕೊನೆಯವರೆಗೂ ಆಗಲಿಲ್ಲ. ಅಷ್ಟರಲ್ಲಿ ನೌಕರಳು ಕಾಲು ಝಾಡಿಸಿದ್ದರಿಂದ ಕೀಲಿಮಣೆ ಒತ್ತಿ, "ಡಡಡಡಡಡ" ಎಂಬ ಇಮೇಲು ಸಮಸ್ತ ಸಿಬ್ಬಂದಿಗೆ ರವಾನೆಯಾಯಿತು. ಫೋನುಗಳು ಒಮ್ಮೆಲೇ ಟಿಂಗೆಂದ ಸದ್ದಿಗೆ ಮಗು ಬೆಚ್ಚಿ, ಕಿರುಚಿ ಅಳತೊಡಗಿತು. ನಾನು ಎಲ್ಲವನ್ನೂ ಮರೆತು ಮುಂದೆ ನುಗ್ಗಿ ಎತ್ತಿಕೊಂಡೆ.

"ಅಳಬ್ಯಾಡ ಸಣ್ಣವ್ವಾ, ಅಳಬ್ಯಾಡ ನನ್ನವ್ವಾ..."

ಹಾಗೆ ಅಂದದ್ದು ನನ್ನ ಕಿವಿಗೆ ಬಿದ್ದದ್ದು ಆಮೇಲೆ. ಮಗು ಸುಮ್ಮನಾಯಿತು. ಮೈ ಬೆಚ್ಚಗಿತ್ತು, ಬಟ್ಟೆಯೂ ಬೆಚ್ಚಗಾಗುತ್ತಿತ್ತು. ರೇಣುಕಾ ಸೆರಗಿನಿಂದ ನನ್ನ ಅಂಗಿ ಒರೆಸುತ್ತಾ, "ತಲಿ ಕೆಳಗ ಕೈ ಇಡ್ರಿ, ಹಂಗಲ್ಲ" ಎಂದಳು. ಅಂದಿನಿಂದ ನನ್ನ ನಂಬರಿನ ಬ್ಲಾಕ್ ತೆರವಾಗಿದೆ. ಮಾವನವರಿಗೂ ಈಗ ನನ್ನ ದನಿ ಚೆನ್ನಾಗಿ ಕೇಳಿಸುತ್ತಿದೆ.

9. ಆದರೆ ಯಂತ್ರದಲ್ಲಿ ಒಮ್ಮೆ ತೆರೆದ ಖಾತೆಯನ್ನು ತಮ್ಮ ಅಪ್ಪಣೆ ಇಲ್ಲದೆ ಮುಚ್ಚಲಾಗದಂತೆ. "ಡಡಡಡಡಡ" ಹೋದ ಮೇಲೆ ಆಕೆಯ ಆಸಕ್ತಿ ಸುಧಾರಿಸಿದೆ ಎಂಬ ವರದಿಯೂ ಬಂದಿದೆ. ಕಾರಣ, ಬೇಗನೆ ಬಿಡಿಸಿಕೊಳ್ಳದಿದ್ದರೆ ಬಡ್ತಿಯ ಭಯವಿದೆ.

ಆದ್ದರಿಂದ, ರಿಯಾಂಶಿ ಎಂಬ ಹೆಸರಿನ ಯಾರೂ ಹುಟ್ಟಿಲ್ಲವೆಂದು ದಾಖಲಿಸಿ, ಕುಮಾರಿ ಸಣ್ಣವ್ವಳನ್ನು ಸೇವೆಯಿಂದ ಗೌರವಪೂರ್ವಕವಾಗಿ ಬಿಡುಗಡೆಗೊಳಿಸಬೇಕು. ಎಂಟನೇ ತರಗತಿಗೆ ಹಲ್ಲು ಬಂದಿರುವ ಹಿಂದಿ ಶಿಕ್ಷಕರನ್ನು ನೇಮಿಸಬೇಕು.

ತಮ್ಮ ವಿಶ್ವಾಸಿ ಹಾಗೂ ಸದರಿ ನೌಕರಳ ತಂದೆ,
ಗವಿಸಿದ್ದೇಶ

ಲಗತ್ತುಗಳು:
1. ನೋಟಿಸಿನ ಪ್ರತಿ (ಅಂಚು ಒದ್ದೆಯಾಗಿದೆ, ಕಾರಣ ಅಂಶ 8).
2. ಜನನ ಪ್ರಮಾಣಪತ್ರದ ನಕಲು.
3. ನೌಕರಳ ಹೆಬ್ಬೆಟ್ಟು (ಹೆಂಡತಿ ಕಾಲಿಗೆ ಹಚ್ಚುವ ಕೆಂಪು ಆಲ್ತಾ ಬಳಸಲಾಗಿದೆ).

ವಿ.ಸೂ.: ವಿಚಾರಣೆ ಮುಗಿದ ಮೇಲೆ ಪ್ರಭುರಾಜ ಅವರು ಬಸ್ ನಿಲ್ದಾಣದವರೆಗೆ ಬ್ಯಾಗು ಹಿಡಿದುಕೊಂಡು ಬಂದರು. ಗಿಣಿಗೇರಾದಲ್ಲಿ ಅವರ ಪತ್ನಿಗೂ ದಿನ ತುಂಬಿದೆ. ಹೆರಿಗೆಗೆ ಹೋಗಲು ತಮ್ಮಲ್ಲಿ ಇಮೇಲ್ ಮೂಲಕ ರಜೆ ಕೇಳಿದ್ದಾರೆ. ಆದರೆ ನಿಯಮದಂತೆ ಮೊದಲು ಪ್ರಭುರಾಜ ಅವರೇ ಅದನ್ನು ಓದಿ, ವೈಯಕ್ತಿಕ ವಿಷಯವೆಂದು ತಡೆಹಿಡಿದು, ತಮಗೆ ತಾವೇ ಎಚ್ಚರಿಕೆ ಪತ್ರ ಕಳಿಸಿಕೊಂಡಿದ್ದಾರೆ. ದಯವಿಟ್ಟು ಆ ರಜೆಯನ್ನು ಬಾಯಿಮಾತಿನಲ್ಲಾದರೂ ಮಂಜೂರು ಮಾಡಬೇಕಾಗಿ ವಿನಂತಿ.