ಕ್ಲೋರೀನು, ಅಯೋಡೀನು ಮತ್ತು ನನ್ನ ಬಂಗಾಳಿ

ನಾನು ಕೆಮಿಸ್ಟ್ರಿ ಟೀಚರ್. ನಮ್ಮನೆಯವರಿಗೆ ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟೋ ಕೆಲಸ ಸಿಕ್ಕಿ ಕೋಲ್ಕತ್ತಕ್ಕೆ ಬಂದ್ವಿ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನಾನೂ ಜೋಕಾ ಕಡೆಯ ಒಂದು ಶಾಲೆಗೆ ಸೇರ್ಕೊಂಡೆ. ತಲೇಲಿ ಕನ್ನಡ, ಬಾಯಲ್ಲಿ ಇಂಗ್ಲಿಷು, ಕಿವೀಲಿ ಬಂಗಾಳಿ ಇಟ್ಕೊಂಡು ಹ್ಯಾಲೊಜನ್ ಪಾಠ ಮಾಡೋಳಿಗೆ ಇಂಥವೆಲ್ಲ ಆಗದೇ ಇನ್ನೇನಾಗುತ್ತೆ ಹೇಳಿ!

೧. ತಿನ್ನೋದು ಯಾವುದನ್ನ?

ಬಂಗಾಳಿಯಲ್ಲಿ ಎಲ್ಲಾನೂ ತಿಂತಾರೆ. ಅನ್ನಾನೂ ತಿಂತಾರೆ, ನೀರನ್ನೂ ತಿಂತಾರೆ, ಸಿಗರೇಟನ್ನೂ ತಿಂತಾರೆ. ಇಲ್ಲೇ ಬೆಳೀತಿರೋ ಮಗಳು ಒಂದಿನ "ಅಮ್ಮಾ, ವಾಟರ್ ತಿಂದೆ" ಅಂದಳು. ನನಗೆ ರೇಗಿಹೋಯ್ತು.

"ಸರಿಯಾಗಿ ಕೇಳಿಸ್ಕೋ. ಅಯೋಡೀನ್ ಥರ ಗಟ್ಟಿಯಾಗಿದ್ರೆ ತಿನ್ನೋದು. ಬ್ರೋಮೀನ್ ಥರ ದ್ರವ ಆದ್ರೆ ಕುಡಿಯೋದು. ಕ್ಲೋರೀನ್ ಥರ ಗಾಳಿ ಆದ್ರೆ ಸೇದೋದು. ಗೊತ್ತಾಯ್ತಾ?"

ಅವಳು ಕಣ್ಣರಳಿಸಿ ಕೇಳಿದಳು: "ಮೂರರಲ್ಲಿ ಟೇಸ್ಟ್ ಯಾವುದು ಚೆನ್ನಾಗಿರುತ್ತೆ?"

೨. ನೇರಳೆ ಹೊಗೆ

ಅಯೋಡೀನ್ ಹರಳು ಕಾಯಿಸಿದ್ರೆ ಚೆಂದದ ನೇರಳೆ ಹೊಗೆ ಏಳುತ್ತೆ ಅಂತ ಊಟದ ಹೊತ್ತಲ್ಲಿ ಹೇಳಿದ್ದೇ ತಪ್ಪಾಯ್ತು. ಬೆಳಿಗ್ಗೆ ಎದ್ದು ನೋಡ್ತೀನಿ, ನಮ್ಮನೆಯವರು ದೋಸೆ ಕಾವಲಿ ಮೇಲೆ ಅಯೋಡೀನ್ ಉಪ್ಪು ಹುರೀತಿದಾರೆ!

"ಹೊಗೇನೇ ಬರ್ತಿಲ್ಲ ಕಣೇ. ಉಪ್ಪು ಡುಪ್ಲಿಕೇಟು."

"ಅಯ್ಯೋ, ಅದರಲ್ಲಿರೋದು ಅಯೋಡೀನಿನ ಲವಣ, ಅದೂ ಚಿಟಿಕೆಯಷ್ಟೂ ಇರಲ್ಲ" ಅಂದೆ. ಕೇಳಬೇಕಲ್ಲ! ಪ್ಯಾಕೆಟ್ ಹಿಡ್ಕೊಂಡು ಅಂಗಡಿಗೆ ಜಗಳಕ್ಕೆ ಹೋದರು. ಅಂಗಡಿಯವನು ಗಾಬರಿಯಾಗಿ ಅಂದನಂತೆ: "ದಾದಾ, ಅಡುಗೆಗಾದ್ರೆ ಇದೇ ಉಪ್ಪು. ಬಣ್ಣದ ಹೊಗೇನೇ ಬೇಕಿದ್ರೆ ಕಾಳೀಪೂಜೆ ಹೊತ್ತಿಗೆ ಬನ್ನಿ, ಪಟಾಕಿ ತರಿಸ್ತೀನಿ."

೩. ಗ್ಯಾಸ್ ಹೋಯ್ತು

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ಬರು ನನ್ನ ಪಾಠ ನೋಡಿ, ಇಟ್ಕೊಳ್ಳೋದೋ ಕಳಿಸೋದೋ ಅಂತ ಹೇಳಬೇಕಿತ್ತು. ಅವರು ಬಂದು ಲ್ಯಾಬಿನ ಹಿಂದಿನ ಬೆಂಚಲ್ಲಿ ಕೂತರು.

ಕೊಳವೆಯಲ್ಲಿ ಒಂಚೂರು ಕ್ಲೋರೀನ್ ತಯಾರಿಸಿ, ಅದರ ಹಳದಿ ಹಸಿರು ಬಣ್ಣ ಮಕ್ಕಳಿಗೆ ತೋರಿಸ್ತಿದ್ದೆ. ಅಷ್ಟರಲ್ಲಿ ಹಿರಿಯರು ಎದೆ ಒತ್ತಿಕೊಂಡು, ಮುಖ ಕಿವುಚಿ ಎದ್ದು ನಿಂತರು. "ಗ್ಯಾಸ್ ಹೊಯೇಛೆ!"

ನನ್ನ ಕನ್ನಡದ ಕಿವಿಗೆ ಅದು "ಗ್ಯಾಸ್ ಹೋಯ್ತು" ಅಂತಲೇ ಕೇಳಿಸ್ತು. ಕೊಳವೆಯಿಂದ ಹೋದ ಗ್ಯಾಸು ಇನ್ನೆಲ್ಲಿಗೆ ಹೋಗುತ್ತೆ? ಇವರ ಎದೆಗೇ! "ಓಡ್ರೋ! ಮೂಗು ಮುಚ್ಕೊಳ್ರೋ!" ಅಂತ ಅಚ್ಚಗನ್ನಡದಲ್ಲಿ ಕಿರುಚಿದೆ. ಯಾರೋ ಗಂಟೆ ಹೊಡೆದರು. ಇಡೀ ಶಾಲೆ ಕರ್ಚೀಫ್ ಹಿಡ್ಕೊಂಡು ಮೈದಾನಕ್ಕೆ ಬಂತು. ಹಿರಿಯರನ್ನ ನಾನೇ ರಟ್ಟೆ ಹಿಡಿದು ಎಳ್ಕೊಂಡು ಬಂದೆ.

ಪ್ರಿನ್ಸಿಪಾಲರು ಓಡಿ ಬಂದರು. "ಕ್ಲೋರೀನ್ ಸೋರಿದೆ ಮೇಡಂ, ಸಾರ್‌ಗೆ ಎದೆ ಹಿಡ್ಕೊಂಡಿದೆ!" ಅಂದೆ.

ಹಿರಿಯರು ಕಕ್ಕಾಬಿಕ್ಕಿ. "ಯಾವ ಕ್ಲೋರೀನು? ನನಗೆ ಹೊಟ್ಟೇಲಿ ಗ್ಯಾಸ್ ಆಗಿದೆ ಅಂದೆ. ಬೆಳಿಗ್ಗೆ ಎಣ್ಣೇಲಿ ಕರಿದ ಲೂಚಿ ಜಾಸ್ತಿ ಆಯ್ತು" ಅಂತ ಜೋರಾಗಿ ತೇಗಿದರು.

'ಹೊಯೇಛೆ' ಅಂದ್ರೆ 'ಆಗಿದೆ' ಅಂತ ನನಗೆ ಆಗ ಹೊಳೀತು. ಗ್ಯಾಸ್ ಹೋಗಿರಲಿಲ್ಲ, ಹೋಗಿದ್ದು ನನ್ನ ಕೆಲಸ! ಅಳುವೇ ಬಂತು.

"ಸಾರ್, ಇವರನ್ನ ಏನು ಮಾಡೋಣ?" ಪ್ರಿನ್ಸಿಪಾಲರು ಹಲ್ಲು ಕಚ್ಚಿ ಕೇಳಿದರು.

"ಮನೇಲಿ ದಿನಾ ಗ್ಯಾಸ್ ಗ್ಯಾಸ್ ಅಂತ ಒದ್ದಾಡ್ತೀನಿ, ನನ್ನ ಹೆಂಡತಿ ತಿರುಗಿ ಕೂಡ ನೋಡಲ್ಲ" ಅಂದರು ಹಿರಿಯರು. "ಇವರು ನನ್ನ ಗ್ಯಾಸಿಗೆ ಇಡೀ ಶಾಲೆ ಖಾಲಿ ಮಾಡಿಸಿದ್ರು. ಮೊದಲು ಖಾಯಂ ಮಾಡಿ ಇವರನ್ನ!"